ಮಗು ಬರುವ ಮುಂಚೆ ಮನೆ ಹೇಗಿರಬೇಕು: ಏಳನೇ ತಿಂಗಳಿಂದ ಬಾಣಂತನದವರೆಗೆ

ಮಕ್ಕಳ ಸಾಮಾನಿನ ಅಂಗಡಿಯವರು ಕೈಗಿಡುವ ಪಟ್ಟಿ ನೋಡಿದರೆ ಹುಟ್ಟುವ ಮಗುವಿಗೆ ಒಂದು ಲಾರಿ ಸರಕು ಬೇಕು ಅನ್ನಿಸುತ್ತದೆ. ಮೊದಲ 6 ವಾರ ಮಗುವಿಗೆ ನಿಜಕ್ಕೂ ಬೇಕಾಗುವುದು ಎದೆಹಾಲು, ಅಮ್ಮನ ಮೈ ಬಿಸಿ, ಒಣಗಿದ ಬಟ್ಟೆ, ಮಲಗಲು ಗಟ್ಟಿಯಾದ ಸಮತಟ್ಟು ಜಾಗ. ಇಷ್ಟೇ. ಮನೆಯನ್ನು ಸಿದ್ಧ ಮಾಡಬೇಕಾದ್ದು ಮುಖ್ಯವಾಗಿ ಬಾಣಂತಿಗಾಗಿ. ಹೊಲಿಗೆ ಹಾಕಿಸಿಕೊಂಡು ಬಂದವಳು ನಡುರಾತ್ರಿ ಒಂದು ಲೋಟ ನೀರಿಗಾಗಿ ಅಡುಗೆಮನೆಗೆ ನಡೆಯಬೇಕಾದರೆ ಆ ಮನೆಯಲ್ಲಿ ಎಂಥ ದುಬಾರಿ ತೊಟ್ಟಿಲಿದ್ದೂ ಏನು ಬಂತು? ಆದ್ದರಿಂದ ಇಲ್ಲಿ ಹೇಳಿರುವ ಪ್ರತಿಯೊಂದನ್ನೂ ಒಂದೇ ಪ್ರಶ್ನೆ ಕೇಳಿ ಆರಿಸಿದ್ದೇನೆ: ರಾತ್ರಿ 2 ಗಂಟೆಗೆ ಇದು ಅವಳ ಕೈಗೆ ಎಟುಕುತ್ತದೆಯೇ?

ಮಗು ಹುಟ್ಟುವ ಮುಂಚೆ ಏನೂ ಕೊಳ್ಳಬಾರದು ಎನ್ನುವ ಮನೆಗಳು ಇನ್ನೂ ಬಹಳ ಇವೆ. ಹಿರಿಯರ ಜೊತೆ ಅದಕ್ಕಾಗಿ ಜಗಳ ಬೇಡ. ಕೊಳ್ಳದೆಯೂ ಮುಕ್ಕಾಲು ಪಾಲು ಸಿದ್ಧತೆ ಮಾಡಬಹುದು. ತೊಟ್ಟಿಲು, ಸೊಳ್ಳೆ ಪರದೆ, ಮೊದಲ ತಿಂಗಳ ಬಟ್ಟೆ ಇವೆಲ್ಲ ನೆಂಟರ ಮನೆಯ ಅಟ್ಟದಲ್ಲಿ ಸಿಗುತ್ತವೆ. ಕೊಳ್ಳಲೇಬೇಕಾದ್ದನ್ನು ಯಾವ ಅಂಗಡಿ, ಯಾವ ಅಳತೆ ಎಂಬ ಸಮೇತ ಚೀಟಿಯಲ್ಲಿ ಬರೆದು ಮನೆಯ ಒಬ್ಬ ಜವಾಬ್ದಾರಿಯುತ ವ್ಯಕ್ತಿಗೆ ಕೊಟ್ಟಿಡಿ. ಹೆರಿಗೆಯಾದ ದಿನವೇ ತಂದುಬಿಡುತ್ತಾರೆ.

1. ಬಾಣಂತನ ಯಾರ ಮನೆಯಲ್ಲಿ?

ಸೀಮಂತದ ಊಟದ ಹೊತ್ತಿಗೆ ಈ ಮಾತು ತೀರ್ಮಾನವಾಗಿರಬೇಕು. ಒಂಬತ್ತನೇ ತಿಂಗಳವರೆಗೂ 'ನೋಡೋಣ' ಅನ್ನುತ್ತ ಕೂತರೆ ಎರಡೂ ಮನೆಯವರು ಅರೆಬರೆ ಸಿದ್ಧರಾಗಿ, ಒಂದೇ ಸಾಮಾನು ಎರಡೆರಡು ಬಂದು ಬೀಳುತ್ತದೆ. ಮೊದಲ ಮೂರು ತಿಂಗಳು ಎಲ್ಲಿ ಕಳೆಯುತ್ತೀರೋ ಆ ಮನೆಯ ಒಂದು ಕೋಣೆ ಪೂರ್ತಿ ಸಿದ್ಧವಾದರೆ ಸಾಕು. ಇನ್ನೊಂದು ಮನೆಗೆ ಆಮೇಲೆ ಸಮಯವಿದೆ.

ತವರಿಗೆ ಹೋಗುವವರು ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆ, ತಾಯಿ ಕಾರ್ಡ್ ಎಲ್ಲವನ್ನೂ ಒಂದೇ ಕಡತದಲ್ಲಿ ಹಾಕಿಕೊಂಡು ಹೋಗಿ. ಹೆರಿಗೆ ಆಗುವ ಆಸ್ಪತ್ರೆಯ ವೈದ್ಯರನ್ನು ನೋವು ಬಂದ ದಿನವೇ ಮೊದಲ ಸಲ ನೋಡುವಂತಾಗಬಾರದು. ಒಂದೆರಡು ತಪಾಸಣೆಯಾದರೂ ಅಲ್ಲೇ ಆಗಿರಲಿ. ಊರಿನ ಆಶಾ ಕಾರ್ಯಕರ್ತೆಗೆ ಬಂದಿರುವ ವಿಷಯ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬುದು ಸರ್ಕಾರದ ಕಾರ್ಯಕ್ರಮ. ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಮಗು ಹಾಲು ಹಿಡಿಯುವ ರೀತಿ ನೋಡುತ್ತಾರೆ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿರುವವರು ಇದು ಹಳ್ಳಿಯವರಿಗೆ ಮಾತ್ರ ಎಂದುಕೊಂಡಿರುತ್ತಾರೆ. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಮನೆಯಿಂದ ಆಸ್ಪತ್ರೆಗೆ ಹಗಲಿನಲ್ಲಿ ಎಷ್ಟು ಹೊತ್ತು, ರಾತ್ರಿಯಲ್ಲಿ ಎಷ್ಟು ಹೊತ್ತು ಎಂದು ಒಂದು ಸಲ ಹೋಗಿ ನೋಡಿ. ಮಳೆಗಾಲದ ಹೆರಿಗೆಯಾದರೆ ಹಳ್ಳ ದಾಟುವ ದಾರಿಯ ಬದಲು ಇನ್ನೊಂದು ದಾರಿ ಗೊತ್ತಿರಲಿ. ಸ್ವಂತ ವಾಹನವಿಲ್ಲದವರು ಇಬ್ಬರು ಡ್ರೈವರುಗಳ ನಂಬರ್ ಇಟ್ಟುಕೊಳ್ಳಿ, ಜೊತೆಗೆ 108. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅಲ್ಲಿಂದ ಮನೆಗೆ ಬಿಡುವ ವಾಹನಕ್ಕೆ ನಮ್ಮಲ್ಲಿ 'ನಗು-ಮಗು' ಎಂದು ಹೆಸರು.

2. ಕೋಣೆ

ಹಳೆಯ ಮನೆಗಳಲ್ಲಿ ಬಾಣಂತಿ ಕೋಣೆ ಎಂದರೆ ಕತ್ತಲೆ, ಮುಚ್ಚಿದ ಕಿಟಕಿ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಬಾಣಂತಿಗೆ ವಿಶ್ರಾಂತಿ, ಬೆಚ್ಚನೆಯ ಜಾಗ, ಜನರ ಓಡಾಟದಿಂದ ದೂರ ಎಂಬ ಲೆಕ್ಕಾಚಾರ ಸರಿಯಾದದ್ದೇ. ಕೆಂಡ ಮಾತ್ರ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಸಾಂಬ್ರಾಣಿ, ಲೋಬಾನದ ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ ಯಾವುದೂ ಈ ಕೋಣೆಗೆ ಬರಬಾರದು. ಬೀಡಿ ಸಿಗರೇಟು ಸೇದುವವರು ಮನೆಯ ಹೊರಗೆ ಸೇದಿ, ಕೈ ತೊಳೆದು, ಅಂಗಿ ಬದಲಿಸಿ ಬರಲಿ.

ಸ್ನಾನದ ಮನೆ ಹತ್ತಿರವಿರುವ, ಹಗಲು ಬೆಳಕು ಬರುವ, ಗೋಡೆಯಲ್ಲಿ ತೇವ ಇಳಿಯದ ಕೋಣೆ ಆರಿಸಿ. ನೆಲಮಹಡಿಯಾದರೆ ಉತ್ತಮ, ಮೆಟ್ಟಿಲು ಹತ್ತಿಳಿಯುವ ಕಷ್ಟ ತಪ್ಪುತ್ತದೆ. ಬಣ್ಣ ಹೊಡೆಸುವ ಯೋಚನೆಯಿದ್ದರೆ ಎರಡು ತಿಂಗಳ ಮುಂಚೆಯೇ ಮುಗಿಸಿ, ಕಿಟಕಿ ತೆರೆದಿಟ್ಟು ವಾಸನೆ ಹೋಗಲು ಬಿಡಿ. ಹಳೆಯ ಬಣ್ಣ ಕೆರೆಯುವಾಗ ಗರ್ಭಿಣಿ ಆ ಮನೆಯಲ್ಲಿ ಇರಬಾರದು, ಏಕೆಂದರೆ ಹಳೆಯ ಎನಾಮಲ್ ಬಣ್ಣದ ಧೂಳಿನಲ್ಲಿ ಸೀಸ ಇರುತ್ತದೆ. ಜಿರಳೆ, ತಿಗಣೆಗೆ ಔಷಧಿ ಹೊಡೆಸುವುದೂ ಅಷ್ಟರೊಳಗೇ ಆಗಬೇಕು, ಆಗಲೂ ಗರ್ಭಿಣಿ ಬೇರೆ ಮನೆಯಲ್ಲಿರಲಿ.

ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸುವುದು ನನ್ನ ಪ್ರಕಾರ ಇಡೀ ಪಟ್ಟಿಯಲ್ಲೇ ಹಣಕ್ಕೆ ಅತ್ಯಂತ ಸರಿಯಾದ ಖರ್ಚು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮಗು ಮಲಗುವುದೂ ಹಗಲೆಲ್ಲ. ಕೊಡೆಯಂತೆ ಬಿಚ್ಚುವ ಚಿಕ್ಕ ಪರದೆಯೊಂದು ಜೊತೆಗಿರಲಿ. ತಾರಸಿಯ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ನೀರಿನ ಟ್ರೇ ವಾರಕ್ಕೊಮ್ಮೆ ಖಾಲಿ ಮಾಡುವ ಕೆಲಸವನ್ನು ಮನೆಯ ಒಬ್ಬರಿಗೆ ವಹಿಸಿಬಿಡಿ.

ಕೋಣೆಯ ಬಿಸಿ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಬಳ್ಳಾರಿ, ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಹುಟ್ಟಿದ ಮಗುವಿಗೆ ಟೋಪಿ, ಕಾಲುಚೀಲ, ಮೂರು ಪದರ ಹೊದಿಕೆ ಹಾಕಿದರೆ ಮೈ ಕಾದು ಜ್ವರದಂತೆ ಕಾಣುತ್ತದೆ. ಫ್ಯಾನ್, ಕೂಲರ್, ಏಸಿ ಯಾವುದನ್ನೂ ಬಳಸಬಹುದು. ಗಾಳಿ ನೇರವಾಗಿ ಮುಖಕ್ಕೆ ಬಡಿಯಬಾರದು ಅಷ್ಟೇ. ಅದೇ ಮಡಿಕೇರಿಯ ಜುಲೈ ಎಂದರೆ ಲೆಕ್ಕ ಬೇರೆ. ಅಂದಾಜಿಗೊಂದು ದಾರಿ ಇದೆ: ನೀವು ಹಾಕಿರುವುದಕ್ಕಿಂತ ಒಂದು ಪದರ ಹೆಚ್ಚು. ಮಗುವಿನ ಅಂಗಾಲು ಮತ್ತು ಹೊಟ್ಟೆ ಎರಡನ್ನೂ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಇನ್ನೊಂದು ಹೊದಿಕೆ ಹೊದಿಸಿ. ಎರಡೂ ತಣ್ಣಗಿದ್ದರೆ ಬಟ್ಟೆ ಬಿಚ್ಚಿ ಅಮ್ಮನ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಕಂಬಳಿ ಹೊದಿಸಿ. ಆಮೇಲೂ ಬೆಚ್ಚಗಾಗದಿದ್ದರೆ ಆಸ್ಪತ್ರೆ.

ಈಗ ಬಾಣಂತಿಯ ಮಂಚದ ಪಕ್ಕದ ಮೇಜಿಗೆ ಬರೋಣ. ಇದರ ಮೇಲೆ ಏನಿರಬೇಕು ಎಂದು ಬೇರೆ ಯಾರೂ ಹೇಳುವುದಿಲ್ಲ. ಒಂದು ಲೀಟರಿನ ನೀರಿನ ಬಾಟಲಿ ಎರಡು, ಒಂದರಲ್ಲಿ ಬಿಸಿನೀರು. ಡಬ್ಬಿಯಲ್ಲಿ ಅಂಟಿನುಂಡೆಯೋ ಒಣಹಣ್ಣೋ, ಏಕೆಂದರೆ ಹಾಲೂಡಿಸುವವಳಿಗೆ ನಡುರಾತ್ರಿ ಹಸಿವು ಬಂದೇ ಬರುತ್ತದೆ. ಮಂದ ಬೆಳಕಿನ ದೀಪ. ಫೋನಿನ ಚಾರ್ಜರ್, ಅದೂ ಉದ್ದ ವೈರಿನದು. ಮಗು ಒರೆಸುವ ನಾಲ್ಕಾರು ಬಟ್ಟೆ, ಎರಡು ಲಂಗೋಟಿ, ಕೊಳಕು ಬಟ್ಟೆಗೆ ಮುಚ್ಚಳದ ಬಕೆಟ್. ಒಂದು ಕರೆಗಂಟೆ. ನಗಬೇಡಿ, ಇಪ್ಪತ್ತು ರೂಪಾಯಿಯ ಪೂಜೆಯ ಗಂಟೆಯಾದರೂ ಸರಿ. ಗಂಡನನ್ನೋ ಅಮ್ಮನನ್ನೋ ಕೂಗಿ ಎಬ್ಬಿಸುವ ಹೊತ್ತಿಗೆ ಆಗತಾನೆ ಮಲಗಿದ ಮಗು ಎದ್ದಿರುತ್ತದೆ. ಬೆನ್ನಿಗೆ ಆಸರೆಯಿರುವ, ಕೈ ಇಡಲು ಜಾಗವಿರುವ ಕುರ್ಚಿ ಒಂದು, ಎರಡು ಗಟ್ಟಿ ದಿಂಬು, ಕಾಲಿಗೆ ಮಣೆ. ಇಷ್ಟಿದ್ದರೆ ಕೋಣೆ ಮುಗಿಯಿತು. ಕಾರ್ಟೂನ್ ಸ್ಟಿಕ್ಕರು, ಹೊಂದುವ ಪರದೆ ಇವು ನಿಮ್ಮ ಸಂತೋಷಕ್ಕೆ. ಮಗುವಿಗೆ ಸದ್ಯ ಒಂದು ಮೊಳದಾಚೆ ಎಲ್ಲವೂ ಮಸುಕು.

3. ಮಲಗುವ ಜಾಗ

ಕಲಘಟಗಿಯ ಬಣ್ಣದ ಮರದ ತೊಟ್ಟಿಲು ಮನೆತನದಲ್ಲಿದ್ದರೆ ಅದೃಷ್ಟ. ತೊಟ್ಟಿಲ ಶಾಸ್ತ್ರಕ್ಕೆ ಅದಕ್ಕಿಂತ ಅಂದದ್ದು ಇನ್ನೊಂದಿಲ್ಲ. ಇಳಿಸುವ ಮುಂಚೆ ಸರಪಳಿ, ಕೊಂಡಿ, ತೊಲೆಯ ಕೊಕ್ಕೆ ಗಟ್ಟಿಯಿವೆಯೇ ನೋಡಿ. ಅಕ್ಕಿ ಮೂಟೆ ಇಟ್ಟು ಒಂದು ಹಗಲು ತೂಗಿಬಿಡಿ. ಬಣ್ಣದ ಚಕ್ಕೆ ಏಳುತ್ತಿದ್ದರೆ ಮಗುವಿನ ಕೈಗೆ ಬಾಯಿಗೆ ಸಿಗದಂತೆ ಒಳಗೆ ಬಟ್ಟೆಯನ್ನು ಬಿಗಿಯಾಗಿ ಹೊಲಿಯಿರಿ.

ಮಗುವನ್ನು ಯಾವಾಗಲೂ ಅಂಗಾತ ಮಲಗಿಸಬೇಕು, ಹಗಲಾಗಲಿ ರಾತ್ರಿಯಾಗಲಿ. ಬೋರಲು ಮಲಗಿಸಿದರೆ, ಮಗ್ಗುಲಾಗಿ ಮಲಗಿಸಿದರೆ ನಿದ್ದೆಯಲ್ಲೇ ಹಠಾತ್ತಾಗಿ ಸಾವಾಗುವ ಅಪಾಯ ಹೆಚ್ಚು. ಹಾಸಿಗೆ ಗಟ್ಟಿಯಾಗಿರಲಿ, ಒತ್ತಿದರೆ ಗುಳಿ ಬೀಳಬಾರದು. ಸೀರೆಯ ಜೋಳಿಗೆಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಚಿಕೊಳ್ಳಬಹುದು. ಎಚ್ಚರವಾಗಿರುವ ದೊಡ್ಡವರ ಕಣ್ಣೆದುರು ಸ್ವಲ್ಪ ಹೊತ್ತು ತೂಗಲು ಸರಿ, ರಾತ್ರಿಯಿಡೀ ಮಲಗಿಸಲು ಅಲ್ಲ. ತಲೆ ಗುಂಡಗಾಗಲೆಂದು ಇಡುವ ರಾಗಿ ದಿಂಬು, ಸಾಸಿವೆ ದಿಂಬು ಬೇಡ. ಅಕ್ಕಪಕ್ಕಕ್ಕೆ ಒತ್ತುದಿಂಬು, ಗೊಂಬೆ, ದಪ್ಪ ರಜಾಯಿ ಒಂದೂ ಬೇಡ. ಅಜ್ಜಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮಗುವಿನ ಕೆಳಗೆ ಬಿಗಿಯಾಗಿ ಹಾಸಿ. ಅದಕ್ಕಿಂತ ಒಳ್ಳೆಯ ಹಾಸಿಗೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಅಮ್ಮನ ಮಂಚದ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಮಗುವಿನ ಜಾಗ ಇರಲಿ. ಒಂದೇ ಹಾಸಿಗೆಯಲ್ಲಿ ಮಲಗುವ ರೂಢಿ ನಮ್ಮಲ್ಲಿ ಸಹಜ. ಹಾಗೆ ಮಲಗುವುದೇ ಆದರೆ ನೆಲದ ಮೇಲೆ ಗಟ್ಟಿ ಹಾಸಿಗೆ, ಮಗುವಿನ ಬಳಿ ದಿಂಬಿಲ್ಲ, ಗೋಡೆಯ ಸಂದಿಯಿಲ್ಲ. ಕುಡಿದವರು, ಹೊಗೆ ಸೇದುವವರು, ನಿದ್ದೆ ಮಾತ್ರೆ ನುಂಗಿದವರು ಆ ಹಾಸಿಗೆಯಲ್ಲಿ ಇರಲೇಬಾರದು. ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ, ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಹಾಸಿಗೆ ಬೇರೆಯೇ ಇರಲಿ. ಸೋಫಾದ ಮೇಲೆ ಮಗುವನ್ನು ಎದೆಗಿಟ್ಟುಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯ.

4. ಬಟ್ಟೆ

ಮೊದಲ ತಿಂಗಳಿಗೆ ಇಷ್ಟು ಸಾಕು:

- ಮುಂದೆ ಕಟ್ಟುವ ಹತ್ತಿಯ ಜಬಲ, 8ರಿಂದ 10
- ಲಂಗೋಟಿ ಅಥವಾ ಬಟ್ಟೆಯ ನ್ಯಾಪಿ, 20ರಿಂದ 24
- ಸುತ್ತಲು ತೆಳುವಾದ ಹತ್ತಿ ಬಟ್ಟೆ, 6 (ಹಳೆಯ ಪಂಚೆ, ಮೆತ್ತಗಾದ ಕಾಟನ್ ಸೀರೆ ಹರಿದು ಮಾಡಿದರೆ ಅತ್ಯುತ್ತಮ)
- ಕುಲಾವಿ ಅಥವಾ ಟೋಪಿ 3, ಕಾಲುಚೀಲ 4 ಜೊತೆ
- ಒಂದು ಕುಂಚಿಗೆ; ಚಳಿಗಾಲ, ಮಳೆಗಾಲದ ಮಗುವಾದರೆ ಎರಡು ಉಣ್ಣೆ ಸ್ವೆಟರ್
- ಜಲನಿರೋಧಕ ಹಾಸು 3

ತಲೆಯ ಮೇಲಿಂದ ತೂರಿಸುವ ಅಂಗಿ ಬೇಡ. ಕತ್ತು ನಿಲ್ಲದ ಮಗುವಿಗೆ ಅದನ್ನು ಹಾಕುವಷ್ಟರಲ್ಲಿ ಹಾಕುವವರಿಗೇ ಬೆವರು. ಜರಿ, ಮಣಿ, ಸಡಿಲ ಗುಂಡಿ, ಕೊರಳಿಗೆ ದಾರ ಬೇಡ. ನೆಂಟರು ತರುವ ಫ್ರಾಕು, ಸೂಟುಗಳಲ್ಲಿ ಮುಕ್ಕಾಲು ಪಾಲು ಒಂದು ಸಲವೂ ಹಾಕದೆ ಚಿಕ್ಕದಾಗುತ್ತವೆ. ಉಡುಗೊರೆ ಏನು ತರಲಿ ಎಂದು ಕೇಳುವವರಿಗೆ 6 ತಿಂಗಳ ಅಳತೆಯದ್ದು ತನ್ನಿ ಎಂದು ನಾಚದೆ ಹೇಳಿ.

ಹಳೆಯ ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಟ್ಟದ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ವರ್ಷಗಟ್ಟಲೆ ಮಡಚಿಟ್ಟ ಕೌದಿ, ಕುಲಾವಿ, ಸ್ವೆಟರನ್ನು ಹಾಗೇ ತೆಗೆದು ಮಗುವಿಗೆ ಹಾಕಬಾರದು. ಆ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ಉಸಿರಿನಿಂದ, ಚರ್ಮದಿಂದ ಒಳಗೆ ಹೋಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಇದರಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಮಿತಿಮೀರಿ ಏರಬಹುದು. ಕೊರತೆ ಇದೆಯೋ ಇಲ್ಲವೋ ಎಂಬುದು ಹುಟ್ಟಿದ ದಿನ ಬಹುತೇಕ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಎಂಟನೇ ತಿಂಗಳಲ್ಲೇ ಟ್ರಂಕು ತೆಗೆಯಿರಿ, ಬಟ್ಟೆಯನ್ನು ಎರಡು ಮೂರು ಸಲ ಒಗೆದು, ಕೆಲವು ದಿನ ಬಿಸಿಲು ಗಾಳಿಗೆ ಹರವಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ. ಹೋಗದಿದ್ದರೆ ಆ ಬಟ್ಟೆ ಬೇಡ. ಬಾಣಂತಿಯ ಬೀರುವಿನಲ್ಲೂ, ಬಚ್ಚಲಿನಲ್ಲೂ ಆ ಗುಳಿಗೆ ಇರದಿರಲಿ. ಬೇವಿನೆಲೆ ಹಾಕಿಕೊಳ್ಳಿ.

ಹೊಸ ಬಟ್ಟೆಯನ್ನೂ ಒಗೆಯದೆ ಹಾಕಬಾರದು. ಸೌಮ್ಯ ಸಾಬೂನು, ಚೆನ್ನಾಗಿ ಜಾಲಿಸುವುದು, ಬಿಸಿಲಿನಲ್ಲಿ ಒಣಗಿಸುವುದು. ಡೆಟಾಲ್‌ನಂಥ ದ್ರಾವಣದಲ್ಲಿ ದಿನವೂ ನೆನೆಸುವ ಅಗತ್ಯವಿಲ್ಲ, ಎಳೆ ಚರ್ಮಕ್ಕೆ ಅದು ಉರಿ.

5. ಲಂಗೋಟಿಯೋ ಡೈಪರೋ

ಮೊದಲ ಒಂದೆರಡು ದಿನ ಮಗು ಕಪ್ಪಗೆ ಅಂಟಂಟಾಗಿ ಮಲ ಮಾಡುತ್ತದೆ, ಆಮೇಲೆ ಹಸಿರು ಮಿಶ್ರ, ನಾಲ್ಕೈದನೇ ದಿನದ ಹೊತ್ತಿಗೆ ಹಳದಿ. ಹಾಲು ಸಾಕಾಗುತ್ತಿದೆಯೇ ಎಂಬುದಕ್ಕೆ ಮೂತ್ರವೇ ಅಳತೆಗೋಲು: ಐದನೇ ದಿನದ ನಂತರ ದಿನಕ್ಕೆ 6 ಸಲವಾದರೂ ಮೂತ್ರ ಮಾಡಬೇಕು. ಲಂಗೋಟಿಯಲ್ಲಿ ಇದು ತಕ್ಷಣ ಗೊತ್ತಾಗುತ್ತದೆ, ಡೈಪರಿನಲ್ಲಿ ಗೊತ್ತಾಗುವುದಿಲ್ಲ. ಹಗಲು ಲಂಗೋಟಿ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರು ಎನ್ನುವುದು ನನ್ನ ಸಲಹೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೂರು ದಿನವಾದರೂ ಲಂಗೋಟಿ ಒಣಗದು. ಅಲ್ಲಿ ಸಂಖ್ಯೆಯನ್ನು ಇಮ್ಮಡಿ ಮಾಡಿ, ಇಲ್ಲವೇ ತಪ್ಪಿತಸ್ಥ ಭಾವವಿಲ್ಲದೆ ಡೈಪರ್ ಬಳಸಿ. ನವಜಾತ ಅಳತೆಯ ಡೈಪರನ್ನು ಒಂದು ಚಿಕ್ಕ ಪ್ಯಾಕೆಟ್‌ಗಿಂತ ಹೆಚ್ಚು ತರಬೇಡಿ, ಮಗು ಬೇಗ ಅದನ್ನು ಮೀರಿ ಬೆಳೆಯುತ್ತದೆ. ಒರೆಸಲು ಹತ್ತಿ, ಬೆಚ್ಚಗಿನ ನೀರು ಸಾಕು. ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

6. ಹಾಲು

ಇದಕ್ಕೆ ಕೊಳ್ಳಬೇಕಾದ್ದು ಬಹುತೇಕ ಏನೂ ಇಲ್ಲ, ಕಲಿಯಬೇಕಾದ್ದು ಬಹಳ ಇದೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಮೊದಲ ದಿನಗಳ ದಪ್ಪ ಹಳದಿ ಹಾಲನ್ನು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಅದು ಮಗುವಿಗೆ ಸಿಗುವ ಮೊದಲ ರಕ್ಷಣೆ, ಒಂದು ಹನಿಯೂ ವ್ಯರ್ಥವಾಗಬಾರದು. 6 ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ, ಬೇಸಿಗೆಯಲ್ಲೂ ಬೇಡ.

ಜೇನುತುಪ್ಪ ನೆಕ್ಕಿಸುವ ಶಾಸ್ತ್ರವೊಂದಿದೆ. ಜೇನಿನಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಹಾಗಾಗಿ ಒಂದು ವರ್ಷ ತುಂಬುವವರೆಗೆ ಜೇನು ನಿಷಿದ್ಧ. ಶಾಸ್ತ್ರ ಬಿಡಲಾಗದ ಮನೆಯಲ್ಲಿ ಚಿನ್ನದುಂಗುರವನ್ನು ಚೆನ್ನಾಗಿ ತೊಳೆದು, ಅಮ್ಮನ ಹಾಲಿನಲ್ಲೇ ಅದ್ದಿ ತುಟಿಗೆ ತಾಗಿಸಿ ಮುಗಿಸಬಹುದು. ಬಜೆ, ಜಾಯಿಕಾಯಿ ತೇಯ್ದು ಕುಡಿಸುವುದು, ಗ್ರೈಪ್ ವಾಟರ್, ಘುಟ್ಟಿ ಯಾವುದೂ ಬೇಡ. 'ನಮ್ಮನ್ನೆಲ್ಲ ಹಾಗೇ ಬೆಳೆಸಿದ್ದು' ಎಂಬ ಮಾತು ಬರುತ್ತದೆ. ಆ ಕಾಲದಲ್ಲಿ ಎಷ್ಟು ತೊಟ್ಟಿಲು ಬರಿದಾಗುತ್ತಿದ್ದವು ಎಂಬುದನ್ನು ಅದೇ ಅಜ್ಜಿಯರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ.

ಅಟ್ಟದಿಂದ ಇಳಿಸಲೇಬೇಕಾದ ಹಳೆಯ ವಸ್ತು ಒಂದಿದೆ: ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು. ಮಗುವಿಗೆ ಎದೆ ಹಿಡಿಯಲು ಆಗದಿದ್ದಾಗ ಹಿಂಡಿದ ಹಾಲನ್ನು ಬಾಟಲಿಯ ಬದಲು ಒಳಲೆಯಲ್ಲಿ ಕುಡಿಸಿ ಎಂದು ಮಕ್ಕಳ ವೈದ್ಯರೇ ಹೇಳುತ್ತಾರೆ. ತೊಳೆಯಲು ಸುಲಭ, ಸಂದುಗೊಂದಿಲ್ಲ, ಕುದಿಸಬಹುದು. ಬೆಳ್ಳಿಯದಿಲ್ಲದಿದ್ದರೆ ಸ್ಟೀಲಿನದು ಸಾಕು, ಜೊತೆಗೆ ಮುಚ್ಚಳದ ಎರಡು ಸ್ಟೀಲ್ ಬಟ್ಟಲು. ಬ್ರೆಸ್ಟ್ ಪಂಪನ್ನು ಮುಂಚೆಯೇ ಕೊಳ್ಳಬೇಡಿ. ಬೇಕಾಗುತ್ತದೆಯೋ ಇಲ್ಲವೋ ಮೊದಲ ವಾರದಲ್ಲಿ ತಿಳಿಯುತ್ತದೆ. ಮುಂದೆ ಬಿಚ್ಚುವ ರವಿಕೆ, ನೈಟಿ ನಾಲ್ಕೈದು, ಹಾಲೂಡಿಸುವ ಬ್ರಾ ಮೂರು ಬೇಕೇಬೇಕು. ಹಾಲಿನ ಪುಡಿಯ ಡಬ್ಬಿಯನ್ನು 'ಇರಲಿ' ಎಂದು ತಂದಿಡುವುದೂ ಬೇಡ. ಮನೆಯಲ್ಲಿದ್ದರೆ ಮೂರನೇ ರಾತ್ರಿಯ ಅಳುವಿಗೆ ಯಾರಾದರೂ ತೆರೆದೇ ತೆರೆಯುತ್ತಾರೆ. ವೈದ್ಯರು ಬರೆದುಕೊಟ್ಟ ದಿನ ತಂದರಾಯಿತು.

ಮೊದಲ ವಾರದಲ್ಲಿ ಮಗುವಿನ ತೂಕ ಶೇ 10ರವರೆಗೆ ಇಳಿದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುವುದು ಸಹಜ. ಇದು ಮನೆಯವರಿಗೆಲ್ಲ ಮೊದಲೇ ಗೊತ್ತಿದ್ದರೆ 'ಹಾಲು ಸಾಲುತ್ತಿಲ್ಲ' ಎಂಬ ಗದ್ದಲ ಅರ್ಧ ಕಡಿಮೆಯಾಗುತ್ತದೆ.

ಬಾಣಂತಿಯ ಅಡುಗೆಗೆ ಮೆಣಸು, ಜೀರಿಗೆ, ಒಣಶುಂಠಿ, ಬೆಳ್ಳುಳ್ಳಿ, ಕೊಬ್ಬರಿ, ಅಂಟು, ಉತ್ತುತ್ತೆ, ತುಪ್ಪ ಒಂಬತ್ತನೇ ತಿಂಗಳಲ್ಲೇ ಹಸನು ಮಾಡಿ ಡಬ್ಬಿಗೆ ಹಾಕಿಡಿ. ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು ಇರಲಿ. ಹಣ್ಣು, ಬೇಳೆ, ಮೊಟ್ಟೆ ಕೂಡ ಇರಲಿ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಮಾತ್ರ ನಿಲ್ಲಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯ ನಂತರವೂ ಮುಂದುವರಿಯುತ್ತವೆ, ಅವನ್ನೂ ತಂದಿಡಿ.

7. ಎರೆಯುವುದು

ಹುಟ್ಟಿದ ಮೊದಲ 24 ಗಂಟೆ ಸ್ನಾನವಿಲ್ಲ. ಮೈಮೇಲಿನ ಬಿಳಿ ಲೇಪವನ್ನು ಉಜ್ಜಿ ತೆಗೆಯಬೇಡಿ. ಹೊಕ್ಕುಳಬಳ್ಳಿ ಒಂದೆರಡು ವಾರದಲ್ಲಿ ತಾನೇ ಬೀಳುತ್ತದೆ. ಅಲ್ಲಿಯವರೆಗೆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಳ್ಳಿಗೆ ಅರಿಸಿನ, ಬೂದಿ, ಎಣ್ಣೆ ಏನೂ ಹಚ್ಚಬಾರದು. ಒಣಗಿರಬೇಕು, ಲಂಗೋಟಿ ಅದರ ಕೆಳಗೆ ಕಟ್ಟಬೇಕು.

ಎರೆಯುವವಳನ್ನು ಮೊದಲೇ ಗೊತ್ತುಮಾಡಿ, ಅವಳ ಜೊತೆ ನಾಲ್ಕು ಮಾತು ಮೊದಲೇ ಆಡಿಬಿಡಿ. ಕಿವಿ ಮೂಗಿಗೆ ಎಣ್ಣೆ ಬಿಡುವುದಿಲ್ಲ, ಬಾಯಿಯಿಂದ ಊದುವುದಿಲ್ಲ, ಮೊಲೆ ಹಿಂಡುವುದಿಲ್ಲ, ನೆತ್ತಿ ಒತ್ತುವುದಿಲ್ಲ, ಕಾಲು ಹಿಡಿದು ತಲೆಕೆಳಗು ಮಾಡುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹಗುರವಾಗಿ ಮೈ ನೀವುವುದು ಒಳ್ಳೆಯದೇ, ಅದನ್ನು ಅವಳ ಕೈಗೆ ಬಿಡಿ. ನೀರಿನ ಬಿಸಿ 37 ಡಿಗ್ರಿ ಆಸುಪಾಸು, ಮೊಣಕೈ ಅದ್ದಿ ನೋಡಿದರೆ ಹಿತವಾಗಿರಬೇಕು. ಹಂಡೆಯ ಕುದಿನೀರನ್ನು ಬೆರೆಸುವಾಗ ಮಗು ಅವಳ ಕಾಲ ಮೇಲಿರಬಾರದು. ನೀರು ಹದವಾದ ಮೇಲೆಯೇ ಮಗುವನ್ನು ತರಬೇಕು. ಸ್ನಾನ ಐದು ನಿಮಿಷಕ್ಕೆ ಮುಗಿಯಲಿ. ಕಡಲೆಹಿಟ್ಟು ಹಚ್ಚಿ ಉಜ್ಜುವುದು, ಧೂಪ ಹಾಕಿ ಕೂದಲು ಒಣಗಿಸುವುದು ಬೇಡ.

ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಸೋಂಕೂ ತಗಲುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಎಂದರೆ ಅಂಗಾಲಿಗೆ ಇಡಲಿ. ದೃಷ್ಟಿ ತಾಗುವವರಿಗೆ ಅದು ಕಾಣದೇ ಹೋಗುತ್ತದೆ ಎಂಬ ಆಕ್ಷೇಪ ಬಂದರೆ ಉತ್ತರ ನಿಮಗೆ ಬಿಟ್ಟದ್ದು.

8. ಔಷಧಿ ಡಬ್ಬಿ

ಡಿಜಿಟಲ್ ಥರ್ಮಾಮೀಟರ್, ಉಗುರು ಕತ್ತರಿ, ಹತ್ತಿ, ವೈದ್ಯರು ಬರೆದ ವಿಟಮಿನ್ ಡಿ ಹನಿ. ದಿನಕ್ಕೆ 400 ಐಯು ಸಾಮಾನ್ಯ ಪ್ರಮಾಣ. ಕಂಪನಿಯಿಂದ ಕಂಪನಿಗೆ ಹನಿಯ ಸಾಂದ್ರತೆ ಬದಲಾಗುವುದರಿಂದ ಎಷ್ಟು ಎಂಎಲ್ ಎಂದು ಕೇಳಿ ಬರೆದುಕೊಳ್ಳಿ. ಬೇರೆ ಮಗುವಿನ ಮಿಕ್ಕ ಸಿರಪ್ಪು ಯಾವುದೂ ಬೇಡ.

9. ಆಸ್ಪತ್ರೆ ಚೀಲ

36ನೇ ವಾರಕ್ಕೆ ಬಾಗಿಲ ಪಕ್ಕ ಕೂತಿರಬೇಕು. ಅಮ್ಮನಿಗೆ ಮುಂದೆ ಬಿಚ್ಚುವ ನೈಟಿ ಮೂರು, ಹೆರಿಗೆಯ ನಂತರದ ದೊಡ್ಡ ಪ್ಯಾಡು ಎರಡು ಪ್ಯಾಕೆಟ್, ಒಳ ಉಡುಪು, ಚಪ್ಪಲಿ, ಶಾಲು. ಮಗುವಿಗೆ ಜಬಲ ನಾಲ್ಕು, ಟೋಪಿ ಎರಡು, ಸುತ್ತುವ ಬಟ್ಟೆ ನಾಲ್ಕು, ಲಂಗೋಟಿ ಹನ್ನೆರಡು. ಜೊತೆಗಿರುವವರಿಗೆ ಬೆಡ್‌ಶೀಟು, ಲೋಟ, ತಟ್ಟೆ. ಇವರನ್ನು ಎಲ್ಲ ಪಟ್ಟಿಗಳೂ ಮರೆಯುತ್ತವೆ. ಕಡತದಲ್ಲಿ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ವಿಮೆ ಕಾರ್ಡ್, ರಕ್ತದ ಗುಂಪಿನ ವರದಿ. ಅದೇ ಗುಂಪಿನ ರಕ್ತ ಕೊಡಬಲ್ಲ ಇಬ್ಬರ ನಂಬರನ್ನು ಕಡತದ ರಟ್ಟಿನ ಮೇಲೆಯೇ ಬರೆಯಿರಿ.

10. ಕಾಗದಪತ್ರ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯ ಹೆರಿಗೆಯಾದರೆ ಆಸ್ಪತ್ರೆಯೇ ಮಾಹಿತಿ ಕಳಿಸುತ್ತದೆ, ಆದರೆ ಅಪ್ಪ ಅಮ್ಮನ ಹೆಸರಿನ ಅಕ್ಷರ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಡಿಸ್ಚಾರ್ಜಿಗೆ ಮುಂಚೆ ನೀವೇ ಓದಿ ನೋಡಿ. ಒಂದಕ್ಷರ ತಪ್ಪಿದರೆ ಮುಂದೆ ತಿದ್ದಿಸಲು ಅಲೆದಾಟ. ಹೆಸರು ಇನ್ನೂ ಇಟ್ಟಿಲ್ಲವೆಂದು ನೋಂದಣಿ ನಿಲ್ಲಿಸಬೇಕಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಆಧಾರ ಈ ಪ್ರಮಾಣಪತ್ರವೇ.

ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬರುತ್ತದೆ, ಅಂಗನವಾಡಿಯಲ್ಲಿ ವಿಚಾರಿಸಿ. ಕೆಲಸಕ್ಕೆ ಹೋಗುವವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಮಗುವನ್ನು ವಿಮೆಗೆ ಸೇರಿಸಲು ಎಷ್ಟು ದಿನದ ಗಡುವು ಎಂದು ಕಂಪನಿಯನ್ನು ಈಗಲೇ ಕೇಳಿಡಿ.

11. ಜನ

ಸಾಮಾನಿಗಿಂತ ಕಷ್ಟದ ಭಾಗ ಇದು. ರಾತ್ರಿ ಲಂಗೋಟಿ ಬದಲಿಸುವವರು ಯಾರು, ಬಟ್ಟೆ ಒಗೆಯುವವರು ಯಾರು, ಅಡುಗೆ ಯಾರದು, ದೊಡ್ಡ ಮಗುವಿದ್ದರೆ ಅದನ್ನು ಶಾಲೆಗೆ ಬಿಡುವವರು ಯಾರು ಎಂದು ಹೆಸರು ಹಿಡಿದು ಹಂಚಿ. ಎಲ್ಲವೂ ಅಜ್ಜಿಯ ತಲೆಗೆ ಬಂದರೆ ಹದಿನೈದನೇ ದಿನ ಅವರೇ ಹಾಸಿಗೆ ಹಿಡಿಯುತ್ತಾರೆ. ಅಪ್ಪನಾದವನಿಗೆ ಹಾಲೂಡಿಸುವುದೊಂದು ಬಿಟ್ಟು ಉಳಿದೆಲ್ಲವೂ ಬರುತ್ತದೆ; ಬರುವುದಿಲ್ಲ ಎಂದರೆ ಕಲಿಯಲು ಎರಡು ತಿಂಗಳಿದೆ.

ನೋಡಲು ಬರುವವರಿಗೆ ಬಾಗಿಲ ಬಳಿಯೇ ಸಾಬೂನು, ನೀರು ಇಡಿ. ಕೆಮ್ಮು, ನೆಗಡಿ, ಜ್ವರ ಇದ್ದವರು ಆಮೇಲೆ ಬರಲಿ. ಮುತ್ತಿಡುವುದು ಬೇಡ. ಇದನ್ನು ಬಾಣಂತಿಯ ಬಾಯಲ್ಲಿ ಹೇಳಿಸಬೇಡಿ. ಮನೆಯಲ್ಲಿ ನಿಷ್ಠುರಕ್ಕೆ ಹೆದರದವರು ಒಬ್ಬರಾದರೂ ಇರುತ್ತಾರೆ, ಕೆಲಸ ಅವರದು. ನಾಮಕರಣವನ್ನು ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಮನೆಮಟ್ಟಿಗೆ ಮುಗಿಸಿ, ಊರಿಗೆಲ್ಲ ಊಟವನ್ನು ಮೂರು ತಿಂಗಳ ನಂತರಕ್ಕೆ ಇಟ್ಟುಕೊಳ್ಳುವವರು ಜಾಣರು.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಅದು ಎರಡು ವಾರ ದಾಟಿದರೆ, ಮಗು ಮಲಗಿದ್ದರೂ ಅವಳಿಗೆ ನಿದ್ದೆ ಬರದಿದ್ದರೆ, ಸಾಯುವ ಮಾತು ಬಂದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ.

12. ಫ್ರಿಜ್ಜಿನ ಮೇಲೆ ಅಂಟಿಸಬೇಕಾದ ಹಾಳೆ

ದಪ್ಪ ಅಕ್ಷರದಲ್ಲಿ, ಅಜ್ಜಿಗೂ ಓದಲು ಬರುವಂತೆ ಬರೆಯಿರಿ. ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು:

- ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ
- ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಸೆಳೆದರೆ
- ಫಿಟ್ಸ್ ಬಂದರೆ
- ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಮೈ ತಣ್ಣಗಾಗಿ 96ಕ್ಕಿಂತ ಇಳಿದರೆ
- ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಯಾವಾಗಲಾದರೂ ಅಂಗೈ ಅಂಗಾಲು ಹಳದಿಯಾದರೆ
- ಹೊಕ್ಕುಳಿನ ಸುತ್ತ ಕೆಂಪಾಗಿ ಕೀವು ಬಂದರೆ, ಹಸಿರು ವಾಂತಿಯಾದರೆ

ಕಾಮಾಲೆಗೆ ಎಳೆಬಿಸಿಲು ಮದ್ದಲ್ಲ. ರಕ್ತ ಪರೀಕ್ಷೆ ಮಾಡಿಸಿ, ಬೇಕೆಂದರೆ ಆಸ್ಪತ್ರೆಯ ನೀಲಿ ಬೆಳಕಿನಡಿ ಇಡುತ್ತಾರೆ. ಅದೇ ಹಾಳೆಯಲ್ಲಿ ಬಾಣಂತಿಗೂ ಎರಡು ಸಾಲು: ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು.

ಕೆಳಗಡೆ ನಂಬರುಗಳು: 108, ಆರೋಗ್ಯ ಸಹಾಯವಾಣಿ 104, ಮಕ್ಕಳ ವೈದ್ಯರು, ಆಶಾ ಕಾರ್ಯಕರ್ತೆ, ಡ್ರೈವರ್. ಕೊನೆಗೆ ಲಸಿಕೆಯ ದಿನಾಂಕ. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಆಗಿದೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಂಡು, ಹುಟ್ಟಿದ ದಿನದಿಂದ 6, 10, 14 ವಾರ ಎಣಿಸಿ ಮೂರು ತಾರೀಖು ಬರೆಯಿರಿ. ತವರಿನಲ್ಲಿದ್ದರೂ ಗಂಡನ ಮನೆಯಲ್ಲಿದ್ದರೂ ತಾಯಿ ಕಾರ್ಡ್ ತೋರಿಸಿದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಉಚಿತವಾಗಿ ಹಾಕುತ್ತಾರೆ. ಯಾವ ವಾರ ಯಾವ ದಿನ ಎಂದು ಮಾತ್ರ ಹಿಂದಿನ ದಿನ ಫೋನ್ ಮಾಡಿ ಕೇಳಿ.